ಬೋರಾ ಬೋರಾ ಮಧುಚಂದ್ರ: ಖರ್ಚು ಇಳಿಸುವ ಬಗೆ

ಬೋರಾ ಬೋರಾ ದ್ವೀಪದ ಮಧುಚಂದ್ರದ ಖರ್ಚು ಇಳಿಸುವುದು ಹೇಗೆಂದು ಕೇಳಿದ್ದೀರಿ. ನಿಮ್ಮ ಯೋಜನೆಯಲ್ಲಿ ಏಳೂ ರಾತ್ರಿಯನ್ನು ನೀರಿನ ಮೇಲಿನ ಕುಟೀರದಲ್ಲೇ ಇಟ್ಟುಕೊಂಡಿದ್ದೀರಿ. ಲೆಕ್ಕ ಕೈಮೀರಿದ್ದು ಬಹುಶಃ ಅದರಿಂದಲೇ. ಮೊದಲು ವೀಸಾ ನೋಡಿಕೊಳ್ಳಿ: ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಒಂದೇ ಸಾಮಾನ್ಯವಾಗಿ ಸಾಲದು, ಬೋರಾ ಬೋರಾ ಇರುವ ಫ್ರೆಂಚ್ ಪಾಲಿನೇಷ್ಯಾಕ್ಕೆ ಸಲ್ಲುವುದನ್ನೇ ಕೇಳಿ. ಲಾಸ್ ಏಂಜಲೀಸ್ ಮೂಲಕವಾದರೆ ಅಲ್ಲಿ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಅವು ಕೈಸೇರಿದ ಮೇಲೆ ಟಿಕೆಟ್.

ಆಮೇಲೆ ಫ್ರೆಂಚ್ ಪಾಲಿನೇಷ್ಯಾದ ರಾಜಧಾನಿ ಪಪೇಟೆಯಿಂದ ಹಡಗಿನಲ್ಲಿ ಮೊರಿಯಾ ದ್ವೀಪಕ್ಕೆ ಹೋಗಿ. ಅರ್ಧ, ಮುಕ್ಕಾಲು ಗಂಟೆಯ ದಾರಿ. ಅಡುಗೆಮನೆ ಇರುವ ಸಾದಾ ವಸತಿಯಲ್ಲಿ ಐದು ರಾತ್ರಿ ಕಳೆಯಿರಿ. ಸಸ್ಯಾಹಾರಿಗಳಾದರೆ ಆ ಅಡುಗೆಮನೆಯನ್ನು ಬಿಡಲೇಬೇಡಿ: ಹೊರಗೆ ಊಟಕ್ಕೆ ಕೂತು ನಿಂಬೆರಸ, ತೆಂಗಿನ ಹಾಲು ಎಂದು ಆಸೆಯಿಂದ ತಟ್ಟೆ ಎಳೆದುಕೊಂಡರೆ ಅದರೊಳಗೆ ಇರುವುದು ಹಸಿ ಮೀನಿನ ತುಂಡು! ಕೊನೆಯ ಎರಡು ರಾತ್ರಿಗೆ ಬೋರಾ ಬೋರಾ, ಆ ಕುಟೀರ.

ತಿಂಗಳು ನೀವು ತಿಳಿಸಿಲ್ಲ. ಜುಲೈ, ಆಗಸ್ಟ್ ಆಗಿದ್ದರೆ ಮೇ ತಿಂಗಳ ದರವನ್ನೂ ಒಮ್ಮೆ ಕೇಳಿ, ಆಗಲೂ ಒಣಹವೆಯೇ.