ನಿಮ್ಮ ಅಂದಾಜು ಪ್ರತಿಸಲ ನಿಜ ಆಗ್ತಿರೋದೇ ಯೋಚ್ನೆ ಮಾಡಬೇಕಾದ ವಿಷಯ

ನಿಮ್ಮ ಪತ್ರ ಓದಿದೆ. ಎಷ್ಟೋ ವರ್ಷದಿಂದ ಕೆಲಸಕ್ಕೆ ಬರೋರನ್ನ ಇಂಟರ್ವ್ಯೂ ಮಾಡ್ತಿದೀನಿ, ಬಂದು ಕೂತ ಐದು ನಿಮಿಷದಲ್ಲೇ ಆಸಾಮಿ ಎಂಥವ್ರು ಅಂತ ಗೊತ್ತಾಗಿಬಿಡುತ್ತೆ, ನನ್ನ ಅಂದಾಜು ತಪ್ಪಿದ್ದೇ ಇಲ್ಲ ಅಂತ ಬರೆದಿದೀರಿ. ಜೊತೆಗೆ ಕೆಲಸ ಮಾಡೋ ಹುಡುಗಿಯೊಬ್ಬಳು ಅದನ್ನ ಪೂರ್ವಗ್ರಹ ಅಂದುಬಿಟ್ಳು, ಯಾರ ಮೇಲೂ ದ್ವೇಷಾನೇ ಇಲ್ಲದ ನಂಗೆ ಹೀಗಂದ್ರೆ ಹೇಗೆ ಅಂತ ಕೇಳಿದೀರಿ.

ದ್ವೇಷ ಇಲ್ಲ ಅನ್ನೋದನ್ನ ಪೂರ್ತಿ ನಂಬ್ತೀನಿ. ಆದ್ರೆ ಪೂರ್ವಗ್ರಹಕ್ಕೆ ದ್ವೇಷ ಇರಲೇಬೇಕು ಅಂತೇನಿಲ್ಲ. ಹೆನ್ರಿ ತಾಜ್ಫೆಲ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸ್ಕೂಲ್ ಹುಡುಗ್ರನ್ನ ಏನೂ ಅರ್ಥವಿಲ್ಲದ ನೆಪ ಹೇಳಿ ಎರಡು ಗುಂಪು ಮಾಡಿದ್ರು. ತಮ್ಮ ಗುಂಪಲ್ಲಿ ಯಾರಿದಾರೆ ಅಂತಾನೂ ಆ ಹುಡುಗ್ರಿಗೆ ಗೊತ್ತಿರಲಿಲ್ಲ, ಹಳೇ ಜಗಳ ಒಂದೂ ಇರಲಿಲ್ಲ, ಆದ್ರೂ ದುಡ್ಡು ಹಂಚಿ ಅಂದಾಗ ತಮ್ಮ ಕಡೆಯವ್ರಿಗೇ ಜಾಸ್ತಿ ಕೊಟ್ರು.

ಈಗ ನಿಮ್ಮ ಇಂಟರ್ವ್ಯೂ ರೂಮಿಗೆ ಬರ್ತೀನಿ. ವರ್ಡ್, ಝನ್ನಾ, ಕೂಪರ್ ಅಂತ ಮೂವರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಮಾಡಿದ ಕೆಲಸ ಇದು, 1974ರಲ್ಲಿ ಪ್ರಕಟ ಆಯ್ತು. ಬಿಳಿಯ ವಿದ್ಯಾರ್ಥಿಗಳನ್ನ ಇಂಟರ್ವ್ಯೂ ಮಾಡೋಕೆ ಕೂರಿಸಿದ್ರು, ಎದುರಿಗೆ ಬರೋರಲ್ಲಿ ಕೆಲವ್ರು ಬಿಳಿಯರು, ಕೆಲವ್ರು ಕಪ್ಪು ಜನ, ಎಲ್ಲರಿಗೂ ಒಂದೇ ಥರ ನಡ್ಕೊಳ್ಳೋಕೆ ಮೊದಲೇ ಟ್ರೇನಿಂಗ್ ಕೊಟ್ಟಿತ್ತು. ಕಪ್ಪು ಹುಡುಗ್ರು ಬಂದಾಗ ಇಂಟರ್ವ್ಯೂ ಮಾಡೋರು ಕುರ್ಚಿ ಸ್ವಲ್ಪ ದೂರ ಹಾಕ್ಕೊಂಡ್ರು, ಮಾತು ತಡವರಿಸಿದ್ರು, ಬೇಗ ಮುಗಿಸಿದ್ರು. ಯಾರೂ ಬೈಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ನಂಗೆ ಇದ್ರ ಎರಡನೇ ಭಾಗಾನೇ ಮುಖ್ಯ: ಅದೇ ದೂರ, ಅದೇ ಅವಸರ, ಅದೇ ತಡವರಿಕೆಯನ್ನ ಬೇಕಂತಲೇ ಇಂಟರ್ವ್ಯೂಗೆ ಬಂದ ಕೆಲವು ಬಿಳಿಯರ ಮೇಲೆ ಪ್ರಯೋಗ ಮಾಡಿದ್ರು, ಇವ್ರಿಗೆ ಯಾವ ಟ್ರೇನಿಂಗೂ ಇರಲಿಲ್ಲ, ನೋಡಿದ್ರೆ ಅವ್ರೂ ಗಾಬರಿಯಾಗಿ ಇಂಟರ್ವ್ಯೂ ಕೆಡಿಸ್ಕೊಂಡ್ರು. ಅಂದ್ರೆ ಇಂಟರ್ವ್ಯೂ ಮಾಡೋರ ಕುರ್ಚಿಯಿಂದ ಶುರುವಾದದ್ದು ಕೆಲಸ ಕೇಳ್ಕೊಂಡು ಬಂದೋರ ಲೆಕ್ಕಕ್ಕೆ ಬಿತ್ತು.

ಇಷ್ಟ ಆಗೋದೂ ಹೀಗೇ ಕೆಲಸ ಮಾಡುತ್ತೆ. ಮಾರ್ಕ್ ಸ್ನೈಡರ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತೆ ಜೊತೆಗಾರರು 1977ರಲ್ಲಿ ತೋರಿಸಿದ್ದು: ಗಂಡಸರಿಗೆ ಒಂದು ಫೋಟೋ ಕೊಟ್ಟು, ಫೋನಲ್ಲಿ ಮಾತಾಡೋ ಹೆಂಗಸು ಇವಳೇ ಅಂದ್ರು. ಫೋಟೋ ಸುಳ್ಳು, ಕೆಲವ್ರಿಗೆ ಚೆಂದದ್ದು, ಕೆಲವ್ರಿಗೆ ಅಷ್ಟೇನೂ ಚೆಂದವಿಲ್ಲದ್ದು, ಆ ಹೆಂಗಸಿಗೆ ಫೋಟೋದ ವಿಷಯಾನೇ ಗೊತ್ತಿಲ್ಲ. ಆಮೇಲೆ ಹೆಂಗಸರ ದನಿ ಮಾತ್ರ ಬೇರೆಯವ್ರಿಗೆ ಕೇಳಿಸಿದಾಗ, ಚೆಂದದವಳು ಅಂತ ನಂಬಿಸಿದ್ದ ಗಂಡಸಿನ ಜೊತೆ ಮಾತಾಡಿದವಳೇ ಹೆಚ್ಚು ಆತ್ಮೀಯವಾಗಿ, ಲವಲವಿಕೆಯಿಂದ ಮಾತಾಡಿದಾಳೆ ಅಂದ್ರು. ಗಂಡಸು ಅಕ್ಕರೆಯಿಂದ ಮಾತಾಡಿದ, ಅವಳು ಅದಕ್ಕೆ ಅರಳಿದಳು, ಅಷ್ಟೇ ನಡೆದದ್ದು.

ಇನ್ನೊಂದು, ಇದನ್ನ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ನೀವು ಬೇಡ ಅಂತ ಕಳಿಸಿದವ್ರು ಆಮೇಲೆ ಎಲ್ಲಿ ಹೋದ್ರು, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದಾರೆ ಅನ್ನೋದು ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ. ತಗೊಂಡವ್ರಿಗೆ ಮೊದಲ ದಿನದಿಂದ ನಿಮ್ಮ ನಂಬಿಕೆ ಸಿಕ್ಕಿದೆ, ಒಳ್ಳೆ ಕೆಲಸ ಸಿಕ್ಕಿದೆ, ಬೆಳೆದಿದಾರೆ. ತಪ್ಪಿದ್ದೇ ಇಲ್ಲ ಅನ್ನೋ ಲೆಕ್ಕದಲ್ಲಿ ಅರ್ಧ ಪುಟ ಖಾಲಿ ಇದೆ.

ಆ ಹುಡುಗಿ ಹೇಳಿದ್ದು ಸರಿ ಅಂತಾನೇ ನನ್ನ ಅಭಿಪ್ರಾಯ, ಹೇಳೋಕೆ ಧೈರ್ಯಾನೂ ಬೇಕಿತ್ತು. ಮುಂದಿನ ಸಲ ಅವಳನ್ನೂ ಜೊತೆಗೆ ಕೂರಿಸ್ಕೊಳ್ಳಿ, ಪ್ರಶ್ನೆಗಳನ್ನ ಮೊದಲೇ ಬರೆದಿಟ್ಕೊಂಡು ಎಲ್ಲರಿಗೂ ಅದೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಿ, ಇಬ್ರೂ ಬೇರೆ ಬೇರೆ ಮಾರ್ಕ್ಸ್ ಹಾಕಿ, ಹಾಕೋವರೆಗೂ ಒಬ್ಬರಿಗೊಬ್ಬರು ಹೇಳ್ಕೋಬೇಡಿ. ನಾನು ಪೂರ್ವಗ್ರಹ ಬಿಟ್ಟುಬಿಡ್ತೀನಿ ಅಂತ ಮನಸ್ಸಲ್ಲಿ ಸಂಕಲ್ಪ ಮಾಡೋದಕ್ಕಿಂತ ಇದು ಎಷ್ಟೋ ಮೇಲು. ಮತ್ತೆ, ಐದನೇ ನಿಮಿಷಕ್ಕೇ ಬೇಡ ಅನ್ನಿಸಿದವ್ರ ಜೊತೆಗೂ ಇಷ್ಟ ಆದವ್ರ ಜೊತೆ ಕೂತಷ್ಟೇ ಹೊತ್ತು, ಅಷ್ಟೇ ಹತ್ತಿರ ಕೂತು ಮಾತಾಡಿ.