ಬೆಳೆ ಕಾಯುವ ಬಂದೂಕಿಗೆ ಸ್ಟೇನ್‌ಲೆಸ್ ನಳಿಗೆ ಬಾಳಿಕೆ ಬರುತ್ತದಾ, ಬ್ಲೂಯಿಂಗ್ ಮಾಡಿದ ಕಪ್ಪು ಉಕ್ಕಾ?

ಲೈಸೆನ್ಸ್ ಕೈಗೆ ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳುತ್ತಾ ತಿರುಗಿದ್ದೆ.

ಸುರಪುರ ತಾಲೂಕಿನಲ್ಲಿ ನಮ್ಮ ಹೊಲ. ಕಾಲುವೆ ನೀರು ಬಂತು, ಭತ್ತ ಬಂತು, ಹಿಂದೆಯೇ ಕಾಡುಹಂದಿ ಬಂದವು. ಕಾಕಾನ ಜೋಡು ನಳಿಗೆಯ ಹನ್ನೆರಡು ಬೋರ್ ಬಂದೂಕು ನನ್ನ ಹೆಸರಿಗಾಯಿತು. ಗಾಳಿಗೆ ಒಂದು ಈಡು ಹಾರಿಸಿದರೆ ಸಾಕು, ಹಂದಿ ಓಡುತ್ತವೆ. ಕಾಕಾ ಅದನ್ನು ಹಳೆ ಧೋತರದಿಂದ ಒರೆಸಿ, ಎಣ್ಣೆ ಸವರಿ, ಕಪಾಟಿನಲ್ಲಿ ಹಾಗೇ ನಿಲ್ಲಿಸಿ ಬೀಗ ಹಾಕುತ್ತಿದ್ದರು. ಚೀಲ ಗೀಲ ಏನೂ ಇಲ್ಲ.

2023ರ ವಿಧಾನಸಭೆ ಚುನಾವಣೆಗೆ ಠಾಣೆಯಲ್ಲಿಟ್ಟಿದ್ದ ಬಂದೂಕು ವಾಪಸ್ ಬಂದಾಗ ನನಗೆ ಜಂಬ. ಒಳಗೆ ಮೆತ್ತನೆ ಬಟ್ಟೆ ಇರುವ ಚರ್ಮದ ಚೀಲ ಕೊಂಡೆ. ಜುಲೈನ ಒಂದು ರಾತ್ರಿ ಜಿಟಿಜಿಟಿ ಮಳೆಯಲ್ಲಿ ಹೊಲದಿಂದ ಬಂದವನು ಮೇಲೆ ಮೇಲೆ ಒರೆಸಿ, ಚೀಲಕ್ಕೆ ತುರುಕಿ, ಜಿಪ್ ಎಳೆದೆ. ಮತ್ತೆ ತೆಗೆದದ್ದು ಆಯುಧ ಪೂಜೆಗೆ. ನಳಿಗೆ ತುಂಬ ಕೆಂಪು ತುಕ್ಕು. ನಾನು ಹಿಡಿದ ಜಾಗದಲ್ಲಿ ಬೆರಳಚ್ಚು ಮೂಡಿತ್ತು! ಉಜ್ಜಿದರೆ ಕೆಳಗೆ ಸೂಜಿ ಚುಚ್ಚಿದಂಥ ಗುಳಿಗಳು.

ತಪ್ಪು ಪೂರ್ತಿ ಆ ಚೀಲದ್ದು, ಅಂದರೆ ನನ್ನದು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹದ ಮಾಡುವಾಗ ಹಾಕಿದ ಉಪ್ಪು, ಆಮ್ಲ ಅದರಲ್ಲೇ ಉಳಿದಿರಬಹುದು. ಒಳಗಿನ ಬಟ್ಟೆ ಇದ್ದ ಎಣ್ಣೆಯನ್ನೂ ಹೀರಿತು. ಜಿಪ್ ಎಳೆದ ಮೇಲೆ ಒದ್ದೆ ಆರಲು ದಾರಿಯೇ ಇಲ್ಲ. ಬ್ಲೂಯಿಂಗ್ ಅಂದರೆ ಪೇಂಟ್ ಅಲ್ಲ ಕಣ್ರೀ. ಅದೂ ಒಂಥರಾ ತುಕ್ಕೇ, ಕಬ್ಬಿಣದ ಕಪ್ಪು ಆಕ್ಸೈಡಿನ ತೆಳು ಪದರ. ಎಣ್ಣೆ ಹಿಡಿದುಕೊಳ್ಳುವುದಷ್ಟೇ ಅದರ ದೊಡ್ಡ ಕೆಲಸ. ಎಣ್ಣೆ ಹೋದರೆ ಅದೂ ಹೋದಂತೆ.

ಹಾಗಾದರೆ ಸ್ಟೇನ್‌ಲೆಸ್? ತಡೆಯುತ್ತದೆ, ಜಾಸ್ತಿ ದಿನ ತಡೆಯುತ್ತದೆ. ಆದರೆ ಅದನ್ನು ಊಟದ ತಟ್ಟೆ ಅಂದುಕೊಳ್ಳಬೇಡಿ. ತಟ್ಟೆಗೆ ಬಳಸುವ 304 ಅನ್ನೋ ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ. 18ರಷ್ಟು. ನಳಿಗೆಗೆ ಬಳಸುವ 416 ದರ್ಜೆಯಲ್ಲಿ ಶೇ. 12ರಿಂದ 14. ಬೆವರಿನ ಉಪ್ಪು, ಒದ್ದೆ ಚೀಲ ಸೇರಿದರೆ ಅದಕ್ಕೂ ಗುಳಿ ಬೀಳುತ್ತದೆ. ಒಳಗಿನ ಸ್ಪ್ರಿಂಗುಗಳಂತೂ ಸಾಮಾನ್ಯವಾಗಿ ಮಾಮೂಲಿ ಉಕ್ಕಿನವೇ.

ನನ್ನ ಕೇಳಿದರೆ ಯಾವ ಉಕ್ಕು ಅನ್ನೋದೇ ತಪ್ಪು ಪ್ರಶ್ನೆ. ಎಲ್ಲಿ ಇಡುತ್ತೀರಿ, ಅದನ್ನು ಹೇಳಿ. ಕಪ್ಪನೆಯದೇ ತಗೊಳ್ಳಿ, ಉಳಿದ ದುಡ್ಡಲ್ಲಿ ಎಣ್ಣೆ ಮತ್ತು ಒಂದು ಒಣ ಕಪಾಟು. ಮತ್ತೆ ಬ್ಲೂಯಿಂಗ್ ಮಾಡಿಸುವ ಪ್ರಸಂಗ ಬಂದರೆ, ಜೋಡು ನಳಿಗೆಯನ್ನು ಬಿಸಿ ಕ್ಷಾರದ ತೊಟ್ಟಿಗೆ ಮಾತ್ರ ಹಾಕಿಸಬೇಡಿ. ನಳಿಗೆಗಳ ನಡುವಿನ ಬೆಸುಗೆ ಬಿಡುವ ಭಯವಿದೆ.

ನನ್ನದಕ್ಕೆ ಗುಳಿ ಹಾಗೇ ಇವೆ. ಚೀಲದಲ್ಲಿ ಅವ್ವ ಈಗ ಕೊಡೆ ಇಡುತ್ತಾಳೆ.