ಕೋವಿಡ್ ಸಮಯದಲ್ಲಿ ಮನೆಯಲ್ಲೇ ಡ್ಯಾನ್ಸ್ ಕಲಿತ ಮಕ್ಕಳಿಗೆ ನಿಜಕ್ಕೂ ಏನಾದರೂ ಬಂತಾ?

ನಿಮ್ಮ ಮಗಳಿಗೆ ಏಳು ವರ್ಷ, ಪುಣೆಯಲ್ಲಿ ಮನೆ ಹತ್ತಿರ ಭರತನಾಟ್ಯದ ಟೀಚರ್ ಇಲ್ಲ, ಊರಿನ ಕಡೆಯವರು ಯಾರಾದರೂ ಆನ್‌ಲೈನ್‌ನಲ್ಲಿ ಹೇಳಿಕೊಟ್ಟರೆ ಸೇರಿಸೋಣ ಅಂತಿದ್ದೀರಿ. ಅದಕ್ಕೇ ಕೋವಿಡ್ ಸಮಯದಲ್ಲಿ ಹೀಗೆ ಕಲಿತ ಮಕ್ಕಳಿಗೆ ಏನು ಬಂತು, ಏನು ಬರಲಿಲ್ಲ ಅಂತ ಕೇಳಿದ್ದೀರಿ. ನಾನು ಮೈಸೂರಿನ ಕುವೆಂಪುನಗರದಲ್ಲಿ ಭರತನಾಟ್ಯ ಹೇಳಿಕೊಡುತ್ತೇನೆ. 2020ರಲ್ಲಿ ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದ. ಬೆಳಿಗ್ಗೆ ಅವನ ಪಕ್ಕ ಕೂತು ಅಮ್ಮನಾಗಿ ಪಾಠ ಕೇಳುತ್ತಿದ್ದೆ, ಸಂಜೆ ಅದೇ ಲ್ಯಾಪ್‌ಟಾಪ್ ಮುಂದೆ ಟೀಚರ್ ಆಗಿ ನಿಲ್ಲುತ್ತಿದ್ದೆ. ಆ ಅನುಭವದಿಂದ ಹೇಳುತ್ತೇನೆ.

ಬಂತು. ಆದರೆ ಕಾಲಿಗಿಂತ ಕೈಗೆ, ಮುಖಕ್ಕೆ ಬಂದಿದ್ದು ಜಾಸ್ತಿ. ಅದೂ ಎಲ್ಲರೂ ಒಟ್ಟಿಗೆ ಕೂತ ಲೈವ್ ಕ್ಲಾಸಿನಿಂದ ಬಂದಿದ್ದು ಕಡಿಮೆ. ರೆಕಾರ್ಡ್ ಮಾಡಿ ಕಳಿಸಿದ್ದು, ಅವರು ವಾಪಸ್ ಕಳಿಸಿದ್ದು, ಅದರಿಂದಲೇ ಹೆಚ್ಚು ಬಂತು. ನೀವು ಟೀಚರ್ ಹುಡುಕುವಾಗ ಇದೊಂದು ನೆನಪಿರಲಿ, ಉಳಿದದ್ದೆಲ್ಲ ಆಮೇಲೆ.

ಲೈವ್ ಯಾಕೆ ಕೈಕೊಟ್ಟಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ತೊಂದರೆ ಇವತ್ತಿಗೂ ಹಾಗೇ ಇದೆ. ಅಡವು ಅಂದರೆ ಭರತನಾಟ್ಯದ ಮೂಲ ಹೆಜ್ಜೆ, ಅದರ ಜೀವ ತಾಳ. ಟೀಚರ್ ಮಣೆ ಮೇಲೆ ಕೋಲು ತಟ್ಟುತ್ತಾ ಸೊಲ್ಲು (ಹೆಜ್ಜೆಯ ತಾಳಕ್ಕೆ ಬಾಯಲ್ಲಿ ಹೇಳುವ ಅಕ್ಷರಗಳು) ಹೇಳಬೇಕು, ಮಕ್ಕಳು ಅದೇ ಏಟಿಗೆ ಕಾಲು ತಟ್ಟಬೇಕು. ನಾಟಡವು ಅನ್ನುವ ಅಡವನ್ನೇ ತಗೊಳ್ಳಿ, 'ತೈಯುಂ ತತ್ತ ತೈಯುಂ ತಾ'. ತಾಳ ನಿಮಿಷಕ್ಕೆ 60 ಏಟು ಅಂದುಕೊಳ್ಳೋಣ. ಒಂದನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಏಟಿಗೊಂದು ಹೆಜ್ಜೆ, ಆರಾಮಾಗಿರುತ್ತದೆ. ಮೂರನೇ ಕಾಲದಲ್ಲಿ ಏಟಿಗೆ ನಾಲ್ಕು, ಅಂದರೆ ಕಾಲು ಸೆಕೆಂಡಿಗೊಂದು ಹೆಜ್ಜೆ. ನನ್ನ ಕೋಲಿನ ಸದ್ದು ಮಗುವಿನ ಮನೆ ಮುಟ್ಟುವುದಕ್ಕೆ ಒಂದಿಷ್ಟು ಹೊತ್ತು, ಅವಳ ಚಿತ್ರ ನನ್ನ ಹತ್ತಿರ ವಾಪಸ್ ಬರುವುದಕ್ಕೆ ಇನ್ನೊಂದಿಷ್ಟು. ಎರಡೂ ಸೇರಿ ಕಾಲು ಸೆಕೆಂಡ್ ಆಯಿತು ಅಂದರೆ ಒಂದು ಇಡೀ ಹೆಜ್ಜೆ ಹೋಯಿತು. ಮಗು ಸರಿಯಾಗಿ ತಟ್ಟಿದ್ದರೂ ನನ್ನ ಕಣ್ಣಿಗೆ ತಪ್ಪು. ಮೇಲಾಗಿ ಒಬ್ಬೊಬ್ಬರ ಮನೆಯ ನೆಟ್ ಒಂದೊಂದು ಥರ. ಎಲ್ಲರೂ ಮೈಕ್ ಆನ್ ಮಾಡಿದರೆ ಸಂತೆ. ಹಾಗಾಗಿ ಎಲ್ಲರಿಗೂ ಮ್ಯೂಟ್.

ಡ್ಯಾನ್ಸ್ ಟೀಚರ್‌ಗೆ ಮ್ಯೂಟ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಡ್ಯಾನ್ಸ್ ಹಾಲ್‌ನಲ್ಲಿ ನಾನು ಕಣ್ಣು ಮುಚ್ಚಿ ಕೂತರೂ ಎರಡನೇ ಸಾಲಿನಲ್ಲಿ ಯಾರೋ ಹಿಮ್ಮಡಿ ತಡವಾಗಿ ಇಡುತ್ತಿದ್ದಾರೆ ಅಂತ ಸದ್ದಿನಲ್ಲೇ ಹೇಳುತ್ತೇನೆ. ಪರದೆ ಮೇಲೆ ಇಪ್ಪತ್ತು ಮಕ್ಕಳು ಸದ್ದೇ ಇಲ್ಲದೆ ಕುಣಿಯುತ್ತಿದ್ದರು. ಅವರು ತಾಳದಲ್ಲಿದ್ದಾರಾ ಇಲ್ಲವಾ, ದೇವರೇ ಬಲ್ಲ.

ಝೂಮ್‌ನದ್ದು ಇನ್ನೊಂದು ಕಥೆ. ಅದು ಮಾತಿಗಾಗಿ ಮಾಡಿದ ಆಪ್. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡುತ್ತದೆ. ಪಾಪ, ಶ್ರುತಿಪೆಟ್ಟಿಗೆಯೂ ಅದಕ್ಕೆ ಫ್ಯಾನೇ. ಕೋಲಿನ ಏಟೂ ಒಮ್ಮೆ ಕೇಳುತ್ತಿತ್ತು, ಒಮ್ಮೆ ನುಂಗಿಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಇದೆ, ಅದನ್ನು ಆನ್ ಮಾಡಿದರೆ ಎಷ್ಟೋ ವಾಸಿ. ಇದು ಗೊತ್ತಿರುವ ಟೀಚರ್ ಸಿಕ್ಕಿದರೆ ಅರ್ಧ ಗೆದ್ದಂತೆ. ಜೊತೆಗೆ ಆಗ ದುಡ್ಡು ಕಟ್ಟದವರಿಗೆ ಗುಂಪು ಕ್ಲಾಸು 40 ನಿಮಿಷಕ್ಕೆ ಕಟ್. ನಮಸ್ಕಾರ ಮಾಡಿ ಮೊದಲ ಅಡವಾದ ತಟ್ಟಡವು ಮುಗಿಸುವಷ್ಟರಲ್ಲಿ ಎಲ್ಲರೂ ಆಚೆ!

ಚಿತ್ರದ ತೊಂದರೆ ಬೇರೆ. ಫೋನನ್ನು ಕುಕ್ಕರಿಗೋ ಅಕ್ಕಿ ಡಬ್ಬಕ್ಕೋ ಒರಗಿಸಿ ಇಟ್ಟಿರುತ್ತಾರೆ. ಮಗು ಹತ್ತಿರ ನಿಂತರೆ ಮುಖ ಮಾತ್ರ, ಹಿಂದೆ ಹೋದರೆ ಸೋಫಾ ಅಡ್ಡ. ಬೆನ್ನ ಹಿಂದೆ ಕಿಟಕಿ ಇದ್ದರೆ ಬರೀ ಕಪ್ಪು ನೆರಳು. "ಕಾಲು ಕಾಣಿಸ್ತಿಲ್ಲ ಪುಟ್ಟಿ, ಹಿಂದೆ ಹೋಗು." "ಮಿಸ್, ಹಿಂದೆ ತಾತ ಮಲಗಿದ್ದಾರೆ." ಇಂಥದ್ದರಲ್ಲೇ ಕ್ಲಾಸಿನ ಕಾಲು ಭಾಗ ಹೋಗುತ್ತಿತ್ತು. ಎಡ ಬಲದ ಗೊಂದಲ ಸಾಲದ್ದಕ್ಕೆ. ನಾನು ಕ್ಯಾಮೆರಾಗೆ ಮುಖ ಮಾಡಿ ಬಲಗೈ ಎತ್ತಿದರೆ ಮಕ್ಕಳು ನನ್ನನ್ನು ನೋಡಿಕೊಂಡು ಎಡಗೈ ಎತ್ತುತ್ತಾರೆ. ಆದರೆ ಅವರ ಚಿತ್ರ ಅವರಿಗೆ ಕನ್ನಡಿಯ ಥರ ತೋರುತ್ತದೆ. ಚಿಕ್ಕವರಿಗೆ ತಲೆ ಕೆಟ್ಟುಹೋಗುತ್ತಿತ್ತು. ಕೊನೆಗೆ ಎಲ್ಲರೂ ಬಲಗೈಗೆ ಒಂದು ಹೇರ್‌ಬ್ಯಾಂಡ್ ಹಾಕಿಕೊಂಡು ಬನ್ನಿ ಅಂದೆ, ನಾನೂ ಹಾಕಿಕೊಂಡೆ. "ಬ್ಯಾಂಡ್ ಕೈ ಮೇಲೆ" ಅಂದರೆ ಸಾಕಿತ್ತು. ನಿಮ್ಮ ಮಗಳಿಗೂ ಮಾಡಿ, ಖರ್ಚೇನಿಲ್ಲ.

ಶಾಲೆಯ ವಿಷಯಕ್ಕೆ ಬಂದರೆ, ನನ್ನ ಮಗನ ಕ್ಲಾಸ್ ಒಮ್ಮೆ ಶುರು, ಒಮ್ಮೆ ಬಂದ್. 2020ರ ಜೂನ್‌ನಲ್ಲಿ ಸರ್ಕಾರ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು. ಜುಲೈ 8ರಂದು ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರದ 'ಪ್ರಜ್ಞಾತಾ' ಮಾರ್ಗಸೂಚಿ ಬಂತು: ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ, ಅಷ್ಟೇ. ನನಗೆ ಅದು ಸರಿ ಅನ್ನಿಸಿತ್ತು. ಎಂಟು ವರ್ಷದ ಹುಡುಗ ಎರಡನೇ ಅವಧಿ ಮುಗಿಯುವಷ್ಟರಲ್ಲಿ ಕುರ್ಚಿಯಿಂದ ಜಾರಿ ಟೇಬಲ್ ಕೆಳಗೆ ಸೇರಿರುತ್ತಿದ್ದ. ಮಗ್ಗಿ, ಕಾಗುಣಿತ ಎಲ್ಲ ನಾವೇ ಮನೆಯಲ್ಲಿ ಬಾಯಿಪಾಠ ಮಾಡಿಸಿದ್ದು. ಟೀಚರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಿದ್ದ ಐದು ನಿಮಿಷದ ವಿಡಿಯೋಗಳನ್ನು ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದ. ಅಲ್ಲೂ ಅದೇ ಕಥೆ ನೋಡಿ: ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಯಾರೂ ನಗುವುದಿಲ್ಲ.

ಸರ್ಕಾರಿ ಶಾಲೆಯವರು ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರು ಮಾಡಿದರು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿ ಮೇಲೆ ಸಣ್ಣ ಸಣ್ಣ ಗುಂಪು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. ನನ್ನ ಕೇಳಿದರೆ ಚಿಕ್ಕ ಮಕ್ಕಳಿಗೆ ಝೂಮ್‌ಗಿಂತ ಆ ಅರಳಿಕಟ್ಟೆಯೇ ಮೇಲು. ದೊಡ್ಡ ಮಕ್ಕಳಿಗೆ ಚಂದನ ಟಿವಿಯಲ್ಲಿ 'ಸಂವೇದ' ಪಾಠ ಬರುತ್ತಿತ್ತು, ಇಂಟರ್ನೆಟ್ ಇಲ್ಲದ ಮನೆಗೂ ಅದು ತಲುಪಿತು.

ನಮ್ಮ ಕ್ಲಾಸಿಗೆ ದಾರಿ ತೋರಿಸಿದ್ದೂ ಲೈವ್‌ಗೆ ಸೇರಲಾಗದ ಒಂದು ಮನೆಯೇ. ನಂಜನಗೂಡು ಕಡೆಯ ಹಳ್ಳಿಯ ಒಬ್ಬ ಹುಡುಗಿ ಮೊದಲು ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದಳು. ಮನೆಯಲ್ಲಿ ಇದ್ದದ್ದು ಅಪ್ಪನ ಒಂದೇ ಫೋನು, ಅದು ರಾತ್ರಿ ಎಂಟಕ್ಕೆ ಮನೆ ಸೇರುತ್ತಿತ್ತು. ಲೈವ್ ಮಾತೇ ಇಲ್ಲ. ಅವಳಿಗಾಗಿ ಸೊಲ್ಲನ್ನು ಮೂರು ಕಾಲದಲ್ಲೂ ಹೇಳಿ, ತಾಳ ತಟ್ಟಿ, ಆಡಿಯೋ ಕಳಿಸಿದೆ. ಅವಳು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಅಂಗಳದಲ್ಲಿ ಒಂದು ಸಲ ಮಾಡಿ ವಿಡಿಯೋ ಕಳಿಸುತ್ತಿದ್ದಳು. ನಾನು ಅದನ್ನು ನಿಧಾನಕ್ಕೆ ಓಡಿಸಿ ನೋಡಿ ವಾಯ್ಸ್ ಮೆಸೇಜ್ ಹಾಕುತ್ತಿದ್ದೆ: "ಎರಡನೇ ಕಾಲದಲ್ಲಿ ತಿರುಗಿದಾಗ ನೋಡು, ಮಂಡಿ ಮುಂದಕ್ಕೆ ಬಂದಿದೆ, ಪಕ್ಕಕ್ಕೆ ತೆಗಿ. ಎಡ ಮೊಣಕೈ ಬೀಳ್ತಾ ಇದೆ." ಇಲ್ಲಿ ನೆಟ್ ತಡವಾದರೂ ಲೆಕ್ಕಕ್ಕಿಲ್ಲ. ಸದ್ದೂ ಕಾಲೂ ಒಂದೇ ಜಾಗದಲ್ಲಿ ರೆಕಾರ್ಡ್ ಆಗಿರುತ್ತದಲ್ವಾ, ತಪ್ಪಿದ್ದರೆ ಅದು ನಿಜವಾಗಿಯೂ ತಪ್ಪೇ.

ಒಂದೆರಡು ತಿಂಗಳಲ್ಲಿ ಝೂಮ್‌ಗೆ ದಿನವೂ ಬರುತ್ತಿದ್ದ ಮಕ್ಕಳಿಗಿಂತ ಅವಳ ಅಡವು ಚೊಕ್ಕವಾಯಿತು. ಆಮೇಲೆ ಎಲ್ಲರಿಗೂ ಅದೇ ಪದ್ಧತಿ ಮಾಡಿದೆ. ವಾರಕ್ಕೊಂದು ಲೈವ್ ಮಾತ್ರ ಇಟ್ಟುಕೊಂಡೆ, ಮುಖ ನೋಡುವುದಕ್ಕೆ, ಮಾತಾಡುವುದಕ್ಕೆ. ಇಪ್ಪತ್ತು ಮಕ್ಕಳ ಹಾಲಿನಲ್ಲಿ ಒಬ್ಬೊಬ್ಬರನ್ನೇ ಇಷ್ಟು ಹತ್ತಿರದಿಂದ ನೋಡುವುದು ನನಗೆ ಯಾವತ್ತೂ ಆಗಿರಲಿಲ್ಲ. ಕೆಲಸ ಮಾತ್ರ ಮೂರು ಪಟ್ಟು. ಫೀಸು ಅರ್ಧ, ಖಾಲಿ ಬಿದ್ದ ಹಾಲಿನ ಬಾಡಿಗೆ ಪೂರ್ತಿ, ಆ ಮಾತು ಬೇಡ ಬಿಡಿ.

ಲೈವ್‌ನಲ್ಲೇ ಚೆನ್ನಾಗಿ ಬಂದಿದ್ದೂ ಇದೆ. ಹಸ್ತಗಳು, ಅಂದರೆ ಕೈಮುದ್ರೆಗಳು, ಬಂದವು. 28 ಅಸಂಯುತ (ಒಂದೇ ಕೈಯ) ಹಸ್ತಗಳನ್ನು ಮಕ್ಕಳು ಕ್ಯಾಮೆರಾ ಹತ್ತಿರ ಹಿಡಿದು ತೋರಿಸುತ್ತಿದ್ದರು, ಕಿರುಬೆರಳು ಸಡಿಲವಾಗಿದ್ದರೂ ಕಾಣುತ್ತಿತ್ತು. ಅಭಿನಯ ಇನ್ನೂ ಚೆನ್ನಾಗಿ ಬಂತು. ಹಾಲಿನಲ್ಲಿ ಹತ್ತಡಿ ದೂರದಿಂದ ಮಗುವಿನ ಕಣ್ಣು ಎಲ್ಲಿ ಕಾಣುತ್ತದೆ? ಪರದೆ ತುಂಬ ಬರೀ ಮುಖ ಇದ್ದಾಗ ಹುಬ್ಬು, ರೆಪ್ಪೆ ಎಲ್ಲ ಗೊತ್ತಾಗುತ್ತಿತ್ತು. ನಾಚಿಕೆಯ ಮಕ್ಕಳು ಮನೆಯಲ್ಲಿದ್ದರಿಂದಲೋ ಏನೋ ಧೈರ್ಯವಾಗಿ ಮಾಡಿದರು. ತಾಳಗಳನ್ನು ಕೈಯಲ್ಲಿ ಹಾಕುವುದೂ ಕೂತಲ್ಲೇ ಆಗುವ ಕೆಲಸ. ಒಂದು ಮನೆಯಲ್ಲಿ ಅಜ್ಜಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ನಾನು ಆದಿತಾಳ ಹಾಕಿಸುತ್ತಿದ್ದರೆ ಅವರ ಕೈಯೂ ತೊಡೆ ಮೇಲೆ ಓಡುತ್ತಿತ್ತು, ಒಂದು ಏಟು, ಮೂರು ಬೆರಳು, ಆಮೇಲೆ ಏಟು ತಿರುಗು, ಏಟು ತಿರುಗು. ಒಂದಿನ ಮೊಮ್ಮಗಳು ತಪ್ಪಿದಳು. ನಾನು ಬಾಯಿ ತೆಗೆಯುವ ಮೊದಲೇ "ಏಯ್, ಉಂಗುರದ ಬೆರಳು ನುಂಗಿದೆ ನೋಡು" ಅಂದರು ಅಜ್ಜಿ. ಅವರಿಗೆ ಯಾರೂ ಕಲಿಸಿರಲಿಲ್ಲ, ಸುಮ್ನೆ ಕೂತು ಕೇಳಿದ್ದಷ್ಟೇ.

ಇನ್ನು ಬರದೇ ಹೋದದ್ದು. ಮತ್ತೆ ಹಾಲಿಗೆ ಬಂದಾಗ ಅದೆಲ್ಲ ಗೊತ್ತಾಯಿತು. ಶಾಲೆಗಳೇ ಮೆಲ್ಲಮೆಲ್ಲಗೆ ತೆರೆದವು, 6ರಿಂದ 8ನೇ ಕ್ಲಾಸು 2021ರ ಸೆಪ್ಟೆಂಬರ್‌ನಲ್ಲಿ, 1ರಿಂದ 5ನೇ ಕ್ಲಾಸು ಅದೇ ವರ್ಷ ಅಕ್ಟೋಬರ್ 25ಕ್ಕೆ. ನಮ್ಮ ಕ್ಲಾಸೂ ಅದೇ ಹೊತ್ತಿಗೆ ಶುರುವಾಯಿತು. ನೋಡಿದರೆ ಎಲ್ಲರೂ ನಿಂತಲ್ಲೇ ಕುಣಿಯುತ್ತಿದ್ದರು. ಮನೆಯಲ್ಲಿ ಟಿವಿ ಸ್ಟ್ಯಾಂಡಿಗೂ ದಿವಾನಕ್ಕೂ ನಡುವೆ ಎಷ್ಟು ಜಾಗ ಇತ್ತೋ ಅಷ್ಟೇ ಅಗಲಕ್ಕೆ ಹೆಜ್ಜೆ. ಮುಂದೆ ಹೋಗು ಅಂದರೆ ಅರ್ಧ ಅಡಿ. ಎಗರಿ ಹಿಮ್ಮಡಿ ತಟ್ಟುವ ಅಡವಾದ ಕುದಿತ್ತಮೆಟ್ಟಿನಲ್ಲಿ ಹಾರುವುದೇ ಇಲ್ಲ, ಕೆಳಗಿನ ಮನೆಯವರು ಬೈಯುತ್ತಾರೆ ಅಂತ ಮೆತ್ತಗೆ ಎಗರಿ ಅಭ್ಯಾಸವಾಗಿತ್ತು. ಕೆಲವರು ಸದ್ದು ಕಿವಿಗೆ ಬಿದ್ದ ಮೇಲೆ ಕಾಲು ಇಡುತ್ತಿದ್ದರು, ಕೂದಲೆಳೆಯಷ್ಟು ಹಿಂದೆ. ಏಟನ್ನು ಮೊದಲೇ ಊಹಿಸಿ ಇಡುವುದು ಪಕ್ಕದವಳ ಜೊತೆ ನಿಂತಾಗ ತಾನಾಗಿ ಬರುತ್ತದೆ, ಒಬ್ಬಳೇ ಇದ್ದಾಗ ಬರುವುದು ಕಷ್ಟ.

ಎಲ್ಲಕ್ಕಿಂತ ಪೆಟ್ಟು ಬಿದ್ದಿದ್ದು ಅರೆಮಂಡಿಗೆ. ಮಂಡಿ ಪಕ್ಕಕ್ಕೆ ತೆರೆದು, ಬೆನ್ನು ನೆಟ್ಟಗಿಟ್ಟು ಕೂರುವುದು ಹೇಳಿದರೆ ಬರುವಂಥದ್ದಲ್ಲ. ಟೀಚರ್ ಭುಜ ಹಿಡಿದು ಕೆಳಕ್ಕೆ ಒತ್ತಬೇಕು, ಸೊಂಟ ಹಿಂದೆ ಹೋದರೆ ಬೆನ್ನಿಗೆ ಕೈ ಕೊಡಬೇಕು. ಮುಂಚೆ ಎರಡು ಮೂರು ವರ್ಷ ಕಲಿತಿದ್ದವರು ಬೇಗ ಸರಿ ಹೋದರು. ಲಾಕ್‌ಡೌನ್‌ನಲ್ಲೇ ಹೊಸದಾಗಿ ಸೇರಿದ್ದವರಿಗೆ ತಟ್ಟಡವಿನಿಂದ ಮತ್ತೆ ಶುರು ಮಾಡಿಸಿದೆ. ಕೆಲವು ಅಮ್ಮಂದಿರಿಗೆ ಬೇಜಾರಾಯಿತು, "ಒಂದು ವರ್ಷ ಫೀಸು ಕಟ್ಟಿದ್ದೀವಲ್ಲ" ಅಂದರು. ಆದರೂ ಮಾಡಿಸಿದೆ, ಇಲ್ಲದಿದ್ದರೆ ಮುಂದೆ ಮಂಡಿನೋವು ಗ್ಯಾರಂಟಿ.

ಈಗ ನಿಮ್ಮ ಮಗಳ ವಿಷಯ. ಅವಳು ಹೊಸಬಳು, ಅಂದರೆ ಆನ್‌ಲೈನ್‌ಗೆ ಎಲ್ಲಕ್ಕಿಂತ ಕಷ್ಟದ ಹಂತ. ಹತ್ತಿರ ಇಲ್ಲದಿದ್ದರೂ ಪುಣೆಯಲ್ಲೇ ಎಲ್ಲಾದರೂ ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಹೋಗುವಷ್ಟು ದೂರದಲ್ಲಿ ಒಬ್ಬರು ಸಿಕ್ಕರೆ ಮೊದಲ ವರ್ಷ ಅವರ ಹತ್ತಿರವೇ ಕಳಿಸಿ. ಆಗಲೇ ಇಲ್ಲ ಅಂದರೆ ಊರಿನ ಟೀಚರ್ ಆಗಬಹುದು, ಆದರೆ ಬೇಸಿಗೆ ರಜೆ, ದಸರಾ ರಜೆಯಲ್ಲಿ ಬಂದಾಗ ಎದುರಿಗೆ ನಿಲ್ಲಿಸಿ ತಿದ್ದುತ್ತೀರಾ ಅಂತ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಡೆಮೊ ಕ್ಲಾಸ್ ಕೊಡುತ್ತಾರೆ, ನೋಡಿ. ಮೊದಲ ಹತ್ತು ನಿಮಿಷದಲ್ಲಿ "ಕಾಲು ಕಾಣುವ ಹಾಗೆ ಫೋನ್ ಇಡಿ" ಅನ್ನದ ಟೀಚರ್ ಬೇಡ. ಮನೆಯಲ್ಲಿ ಮಾಡಿದ ವಿಡಿಯೋ ಕಳಿಸಿ ಅನ್ನದವರೂ ಬೇಡ. ಮೂರೇ ತಿಂಗಳಲ್ಲಿ ಹಾಡಿಗೆ ಕುಣಿಸುತ್ತೇವೆ ಅಂದರಂತೂ ಓಡಿಬನ್ನಿ.

ನೆಲ ನೋಡಿಕೊಳ್ಳಿ. ಕಾಂಕ್ರೀಟ್ ಮೇಲೆ ಟೈಲ್ಸ್ ಇರುವ ಫ್ಲಾಟಿನಲ್ಲಿ ಏಳು ವರ್ಷದ ಮಗು ಜೋರಾಗಿ ಕಾಲು ತಟ್ಟಿದರೆ ಹಿಮ್ಮಡಿ, ಮೊಣಕಾಲಿನ ಕೆಳಗೆ ಎಲ್ಲ ನೋವು ಬರುತ್ತದೆ. ಜಮಖಾನ ಜಾರುತ್ತದೆ, ದಪ್ಪ ಯೋಗ ಮ್ಯಾಟ್‌ನಲ್ಲಿ ಪಾದ ಹೊರಳುತ್ತದೆ. ಜಾರದ ತೆಳು ರಬ್ಬರ್ ಹಾಸು ಸಾಕು. ಸೊಲ್ಲಿನ ಆಡಿಯೋವನ್ನು ಇನ್ನೊಂದು ಫೋನಿನಲ್ಲಿ ಹಾಕಿ, ರೆಕಾರ್ಡ್ ಮಾಡುವ ಫೋನಿನಲ್ಲಿ ಬೇಡ. ಶಾಲೆಯಿಂದ ಬಂದ ತಕ್ಷಣ ಕೂರಿಸಬೇಡಿ, ಏನಾದರೂ ತಿಂದು ಅರ್ಧ ಗಂಟೆ ಆಡಲಿ. ದಿನಕ್ಕೆ ಹದಿನೈದು ನಿಮಿಷ ಅಭ್ಯಾಸ ಮಾಡಿದರೆ ಈಗ ಸಾಕು.

ಗೆಜ್ಜೆ ಮಾತ್ರ ಈಗಲೇ ಕೊಳ್ಳಬೇಡಿ. ಮಕ್ಕಳು ಮೊದಲ ವಾರದಲ್ಲೇ ಹಟ ಹಿಡಿಯುತ್ತಾರೆ, ಆನ್‌ಲೈನ್‌ನಲ್ಲಿ ಒತ್ತಿದರೆ ನಾಳೆಯೇ ಮನೆಗೂ ಬರುತ್ತದೆ. ಅದನ್ನು ಗೆಜ್ಜೆಪೂಜೆಯ (ಮೊದಲ ಸಲ ಗೆಜ್ಜೆ ಕಟ್ಟುವ ಪೂಜೆ) ಹೊತ್ತಿಗೆ ಟೀಚರ್ ಹೇಳಿದ ಸೈಜಿನಲ್ಲಿ ತಂದರೆ ಸಾಕು. ಅಷ್ಟರಲ್ಲಿ ಅವಳ ಕಾಲೂ ಬೆಳೆದಿರುತ್ತದೆ.